ಕಂಡಕ್ಟರರು ಡಚ್ ಕಲಿತದ್ದು

ನಮ್ಮ ಮನೆಯವರು ಜನ್ಮದಲ್ಲಿ ಒಂದು ಟಿಕೆಟ್ ಕೊಂಡವರಲ್ಲ. ಹಾಗೆಂದರೆ ಕದ್ದು ಓಡಾಡುವ ಪೈಕಿ ಎಂದುಕೊಂಡುಬಿಡಬೇಡಿ. ಅವರು ಬಸ್ ಕಂಡಕ್ಟರ್. ಮೀಸೆ ಸರಿಯಾಗಿ ಬರುವ ಮುಂಚೆ ಹೆಗಲಿಗೇರಿದ ಚರ್ಮದ ಚೀಲ ಇಳಿದದ್ದು ನಿವೃತ್ತಿಯ ದಿನವೇ. ಇಷ್ಟು ವರ್ಷ ಊರಿಗೆಲ್ಲ ಟಿಕೆಟ್ ಹರಿದುಕೊಟ್ಟರು, ತಾವು ಮಾತ್ರ ಯಾರ ಮುಂದೂ ಕೈಚಾಚಿ "ಒಂದು ಕೊಡಿ" ಎಂದವರಲ್ಲ. ಬಸ್ಸಿನಲ್ಲಿ ಪಾಸು ಇತ್ತು. ಪಾಸು ನಡೆಯದ ಕಡೆ ನಾನಿದ್ದೆ. ಸಿನಿಮಾ ಟಿಕೆಟ್ಟಿನ ಸಾಲಿನಲ್ಲೂ ನಾನೇ ನಿಲ್ಲಬೇಕು. ಇವರು ಪಕ್ಕದಲ್ಲಿ ನಿಂತು ಸಾಲಿನವರಿಗೆಲ್ಲ "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ" ಎನ್ನುತ್ತಿದ್ದರು. ಈ ಚಾಳಿಗೆ ಬೀದಿಯವರು ಇಟ್ಟ ಹೆಸರು ಹೋಲ್ಡಾನ್. ತರಕಾರಿಯವನು ಕೂಡ ಬಾಗಿಲಲ್ಲಿ ನಿಂತು "ಹೋಲ್ಡಾನ್ ಸಾರ್ ಇದಾರಾ ಅಮ್ಮಾ?" ಎಂದೇ ಕೇಳುವುದು.

ಅಂಥ ಮನುಷ್ಯ ಡಚ್ ಭಾಷೆಯಲ್ಲಿ ಟಿಕೆಟ್ ಕೇಳುವುದನ್ನು ಕಲಿಯಲು ಕೂತರೆ ಮನೆಯಲ್ಲಿದ್ದವಳ ಗತಿ ಏನಾಗಬೇಕು, ನೀವೇ ಹೇಳಿ.

ಇವರಿಗೆ ಒಬ್ಬಳೇ ಅಕ್ಕ. ನನಗೆ ಅತ್ತಿಗೆ. ತಾಯಿ ತೀರಿಕೊಂಡಾಗ ಇವರಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಸಾಕಿದ್ದು, ಬೈದದ್ದು, ಶಾಲೆಗೆ ಎಳೆದುಕೊಂಡು ಹೋದದ್ದು, ಕೆಲಸಕ್ಕೆ ಸೇರಿಸಿದ್ದು ಎಲ್ಲ ಅಕ್ಕನೇ. ತಮ್ಮ ಒಂದು ದಡ ಮುಟ್ಟಿದ ಎಂದು ಖಾತ್ರಿಯಾದ ಮೇಲೆ ಆಕೆ ಡಚ್ ಮಾತಾಡುವ ದೇಶದ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಹೋದರು. ಅಲ್ಲೇ ಮದುವೆಯೂ ಆದರು. ಗಂಡನದು ಕಾಲುವೆಯ ಸೇತುವೆ ಕಾಯುವ ಕೆಲಸ: ದೋಣಿ ಬಂದರೆ ಸೇತುವೆ ಎತ್ತುವುದು, ದಾಟಿದ ಮೇಲೆ ಇಳಿಸುವುದು. "ನಿನ್ನ ಭಾವಾನೂ ನಿನ್ನ ಹಂಗೇ ಕಣೋ, ಜನರನ್ನ ನಿಲ್ಲಿಸೋದು, ಬಿಡೋದು" ಎಂದು ಅತ್ತಿಗೆ ಫೋನಿನಲ್ಲಿ ನಗುತ್ತಿದ್ದರು. ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೂ ಅಲ್ಲೇ ಉಳಿದರು. ಭಾನುವಾರ ಬೆಳಗ್ಗೆ ಅವರ ಫೋನು ಬಂದೇ ಬರುತ್ತಿತ್ತು.

ಒಂದು ಭಾನುವಾರ ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಇವರು ಚಡಪಡಿಸಿ ತಾವೇ ಮಾಡಿದರು. ಅತ್ತಿಗೆ ಎತ್ತಿಕೊಂಡು ಏನೋ ಹೇಳಿದರು. ದನಿ ಅವರದೇ, ಮಾತು ಮಾತ್ರ ನಮ್ಮದಲ್ಲ.

"ಅಕ್ಕಾ, ನಾನು ಕಣೇ!"

ಆ ಕಡೆಯಿಂದ ಮತ್ತೆ ಅದೇ ತರಹದ ಮಾತು, ನಡುವೆ ಒಂದು ಬಿಕ್ಕು.

"ಏನಾಯ್ತೇ ನಿನಗೆ? ಯಾಕೆ ಹಿಂಗೆ ಮಾತಾಡ್ತಿದೀಯ? ನನ್ ಮೇಲೆ ಕೋಪಾನಾ?" ಎಂದು ಇವರು ಕೂಗಿದರು. ಆಮೇಲೆ ಬೆಪ್ಪಾಗಿ ಫೋನನ್ನು ನನ್ನ ಕೈಗಿಟ್ಟು, "ನೀನು ಕೇಳು, ನಂಗೆ ಕಿವಿ ಹೋಗಿರಬೇಕು" ಎಂದರು.

ಅಷ್ಟರಲ್ಲಿ ಆ ಕಡೆ ಬೇರೊಬ್ಬಳು ಫೋನು ತೆಗೆದುಕೊಂಡಳು. ಅತ್ತಿಗೆಯ ಪಕ್ಕದ ಮನೆಯವಳು, ಸೈಕಲ್ ರಿಪೇರಿ ಅಂಗಡಿ ಇಟ್ಟಿರುವವಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ಹೈಸ್ಕೂಲು ಇಂಗ್ಲಿಷನ್ನು ಎಲ್ಲಿಂದಲೋ ಕೆದಕಿ ತೆಗೆದು ಕೇಳಿಸಿಕೊಂಡೆ. ಅತ್ತಿಗೆಯ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವಕ್ಕೆ ಅಪಾಯವಿಲ್ಲ, ಕೋಲು ಹಿಡಿದು ನಡೆಯುತ್ತಾರೆ, ಬಲಗೈ ಸ್ವಲ್ಪ ಸೋತಿದೆ. ಆದರೆ ಹುಟ್ಟಿನಿಂದ ಬಂದ ಮಾತು ಹೊರಟುಹೋಗಿದೆ. ಆಮೇಲೆ ಕಲಿತ ಡಚ್ ಮಾತ್ರ ಚೂರುಪಾರು ಉಳಿದಿದೆ. ಒಬ್ಬರೇ ಹೀಗೆ ಬಹಳ ಕಾಲ ಇರಲಾಗದು, ಏನು ಮಾಡಬೇಕು ಎಂದು ತಮ್ಮನೇ ಬಂದು ತೀರ್ಮಾನಿಸಲಿ ಎಂದಳು.

"ಹುಟ್ಟಿದ ಮಾತು ಹೋಗಿ ಕಲಿತ ಮಾತು ಉಳಿಯೋದು ಅಂದ್ರೇನೇ? ಅದೆಂಥ ನ್ಯಾಯ?" ಎಂದು ಇವರು ನನ್ನನ್ನು ಕೇಳಿದರು. ನನಗೇನು ಗೊತ್ತು? ಒಳಗಿನ ಅಸ್ತರೆಲ್ಲ ಬಿಚ್ಚಿಹೋಗಿ ಮೇಲೆ ಹೊಲಿದ ಜೇಬು ಮಾತ್ರ ಅಂಗಿಯಲ್ಲಿ ನಿಂತುಕೊಂಡ ಹಾಗೆ ಏನೋ ಇರಬೇಕು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನನಗೂ ನಾನು ಹೇಳಿದ್ದು ಅರ್ಥವಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಇವರ ತೀರ್ಮಾನ ಆಗಿಹೋಗಿತ್ತು. "ಅಕ್ಕನ್ನ ಕರ್ಕೊಂಡು ಬಂದ್ಬಿಡೋಣ. ಇನ್ಮೇಲೆ ಇಲ್ಲೇ ಇರ್ಲಿ."

"ಇರ್ಲಿ. ಎಲ್ಲಿ ಇರ್ಲಿ?"

"ನಿನ್ನ ಹೊಲಿಗೆ ಕೋಣೇಲಿ."

ನನ್ನ ಹೊಲಿಗೆ ಕೋಣೆ ಅಂದರೆ ಮನೆಯ ಮುಂಗೋಣೆ. ಬೀದಿಗೆ ಕಿಟಕಿ, ಬೆಳಕು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಎಲ್ಲ ಅಲ್ಲೇ ಹೊಲಿಯುವುದು. "ಮಷೀನ್ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?" ಎಂದೆ. ಕೊನೆಗೆ ಮಷೀನು ಬಚ್ಚಲ ಪಕ್ಕದ ಓಣಿಗೆ ಹೋಯಿತು. ಮುಂಗೋಣೆಗೆ ಸುಣ್ಣ ಹೊಡೆಸಿದರು, ಮಂಚ ತಂದರು, ಗೋಡೆಗೆ ಹಿಡಿದುಕೊಂಡು ನಡೆಯಲು ಕಬ್ಬಿಣದ ಕೊಳವೆ ಕೂರಿಸಿದರು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅತ್ತಿಗೆಯ ಮೇಲೆ ಪ್ರೀತಿ ಇಲ್ಲ ಎಂದಲ್ಲ. ಓಣಿಯಲ್ಲಿ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ.

"ಅತ್ತಿಗೆಗೆ ಬರೋಕೆ ಇಷ್ಟ ಇದೆಯಾ ಅಂತ ಒಂದ್ ಮಾತು ಕೇಳಿದ್ರಾ?" ಎಂದೆ.

"ಕೇಳೋದೇನೇ? ನಾನು ತಮ್ಮ."

"ತಮ್ಮನೇ. ಆದ್ರೂ ಕೇಳ್ಬೇಕಲ್ಲ. ಯಾವ ಭಾಷೇಲಿ ಕೇಳ್ತೀರಿ?"

ಇವರು ಮಾರನೆಯ ದಿನವೇ ಮಗಳಿಗೆ ಫೋನು ಮಾಡಿ, ತಮಗೆ ಡಚ್ ಕಲಿಸುವ ವ್ಯವಸ್ಥೆ ಮಾಡಬೇಕು ಎಂದರು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಎರಡು ಬೀದಿ ಆಚೆ ಗಂಡನ ಮನೆ. ಬಂದು ಅಪ್ಪನ ಮೊಬೈಲಿಗೆ ಒಂದು ಭಾಷೆ ಕಲಿಸುವ ಆ್ಯಪ್ ಹಾಕಿಕೊಟ್ಟಳು. ನಮ್ಮ ಕಷ್ಟ ಶುರುವಾದದ್ದು ಆಗ.

ಆ ಆ್ಯಪಿನ ಮೊದಲ ಪಾಠವೇ ರೈಲು ನಿಲ್ದಾಣದ ಟಿಕೆಟ್ ಕೌಂಟರು. ಇವರಿಗೆ ಖುಷಿಯೋ ಖುಷಿ. "ನೋಡಿದ್ಯಾ, ನಮ್ಮ ಲೈನೇ!" ಎಂದರು. ಒಬ್ಬ ಹೆಂಗಸಿನ ದನಿ ಕೌಂಟರಿನೊಳಗಿಂದ ಕೇಳುತ್ತದೆ: "ವಾರ್‌ಹೇನ್?" ಎಂದರೆ, ಎಲ್ಲಿಗೆ? ಪ್ರಯಾಣಿಕ ಊರಿನ ಹೆಸರು ಹೇಳಬೇಕು. ಆಮೇಲೆ ಅವಳು, "ಎಂಕಲ ರೈಸ್ ಒಫ್ ರತೂರ್?" ಎನ್ನುತ್ತಾಳೆ. ಎಂದರೆ, ಒಂದು ಕಡೆಗೋ, ಹೋಗಿ ಬರುವುದಕ್ಕೋ? ಪ್ರಯಾಣಿಕ ಎರಡರಲ್ಲಿ ಒಂದು ಹೇಳಿ, ಕೊನೆಗೆ "ಆಲ್‌ಸ್ಟುಬ್ಲೀಫ್ಟ್", ದಯವಿಟ್ಟು, ಎಂದು ಸೇರಿಸಬೇಕು. ಟಿಕೆಟ್ ಕೊಟ್ಟ ಮೇಲೆ ಅವಳು ಒಂದು ಮಾತು ಹಾರೈಸಿ ಕಳಿಸುತ್ತಾಳೆ. ಕಲಿಯುವವನು ಪ್ರಯಾಣಿಕ. ಮಗುವಿಗೂ ತಿಳಿಯುವ ವಿಷಯ.

ಮೊಬೈಲು "ವಾರ್‌ಹೇನ್?" ಎಂದಿತು. ಇವರು ಗಂಟಲು ಸರಿಮಾಡಿಕೊಂಡು, ಇನ್ನೂ ಜೋರಾಗಿ, "ವಾರ್‌ಹೇನ್?" ಎಂದರು. ಮೊಬೈಲು ಕೆಂಪಾಗಿ ಟುಸ್ಸೆಂದಿತು.

"ಅವಳು ಕೇಳ್ತಾಳೆ, ನೀವು ಹೇಳ್ಬೇಕು ರೀ!"

"ನಾನೂ ಕೇಳ್ತಿದೀನಲ್ಲ."

"ನೀವು ಕೇಳೋ ಹಾಗಿಲ್ಲ. ನೀವು ಪ್ಯಾಸೆಂಜರು."

ಆ ಮಾತು ಅವರ ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ. ಮತ್ತೆ ಕೇಳಿತು, ಮತ್ತೆ ಕೇಳಿದರು. ಅವಳ ದನಿಯ ಏರಿಳಿತವನ್ನು, ಕೊನೆಯಲ್ಲಿ ಎಳೆಯುವ ರಾಗವನ್ನು, ಎಲ್ಲ ಅಚ್ಚುಕಟ್ಟಾಗಿ ಹಿಡಿದುಬಿಟ್ಟರು. ಉತ್ತರ ಮಾತ್ರ ಬಾಯಿಂದ ಹೊರಡದು. ಮೊದಲ ಪಾಠ ದಾಟದೆ ಎರಡನೆಯದು ತೆರೆಯುವುದಿಲ್ಲ. ಊಟ ತಿಂಡಿ, ಸುಖದುಃಖ, ಅಕ್ಕ ತಮ್ಮ, ಬಾ ಹೋಗು ಎಲ್ಲ ಮುಂದಿನ ಪಾಠಗಳಲ್ಲಿವೆಯಂತೆ. ಇವರು ಕೌಂಟರಿನ ಮುಂದೆಯೇ ಗೂಟ ಹೊಡೆದುಕೊಂಡು ನಿಂತರು.

"ಅಪ್ಪಾ, ನೀನೇನು ಅಲ್ಲಿ ಕೆಲಸಕ್ಕೆ ಸೇರೋಕೆ ಹೋಗ್ತಿದೀಯಾ?" ಎಂದು ಮಗಳು ತಲೆ ಚಚ್ಚಿಕೊಂಡಳು.

"ಬೇರೆ ಪಾಠಕ್ಕೆ ಹಾರಿಸಮ್ಮ ಇದನ್ನ."

"ಹಾರಲ್ಲ ಅಪ್ಪಾ. ನೀನು ಒಂದೇ ಒಂದು ಸಲ 'ರತೂರ್' ಅನ್ನು, ಸಾಕು."

"ಅದು ಪ್ಯಾಸೆಂಜರ್ ಇಷ್ಟ. ನಾನ್ ಹೆಂಗೆ ಹೇಳ್ಲಿ?"

ನನ್ನನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದರು. ನಾನು ಕೌಂಟರಿನವಳಾಗುತ್ತೇನೆ, ನೀವು ಬನ್ನಿ ಎಂದರೆ ಸರಿ ಎನ್ನುತ್ತಾರೆ, ಬಂದು ನಿಂತವರೇ ಬಸ್ಸಿನಲ್ಲಿ ನಿಂತ ಹಾಗೆ ಕಾಲು ಅಗಲಿಸಿ, ನನ್ನ ಕಡೆ ಬಗ್ಗಿ, "ವಾರ್‌ಹೇನ್?" ಎನ್ನುತ್ತಾರೆ. ಬೈದು ಬೈದು ಸಾಕಾಗಿ ಉತ್ತರವನ್ನು ನಾನೇ ಹೇಳತೊಡಗಿದೆ. ಹೀಗೆ ಪ್ರಯಾಣಿಕರ ಪಾಠವೆಲ್ಲ ನನಗೆ ಬಂತು, ನಾನು ಕಲಿಯಲು ಕೂತವಳೇ ಅಲ್ಲ. ಬಚ್ಚಲಿನಿಂದ "ಎಂಕಲ ರೈಸ್ ಒಫ್ ರತೂರ್?" ಎಂದು ದನಿ ಬಂದರೆ ಓಣಿಯಲ್ಲಿ ಮಷೀನು ತುಳಿಯುತ್ತಲೇ "ರತೂರ್, ಆಲ್‌ಸ್ಟುಬ್ಲೀಫ್ಟ್" ಎನ್ನುತ್ತಿದ್ದೆ. ತರಕಾರಿಯವನು ಒಮ್ಮೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ಕೇಳಿಸಿಕೊಂಡು, ಸೊಪ್ಪು ಇಟ್ಟು ಸದ್ದಿಲ್ಲದೆ ಹೋದ.

ಹೊರಡುವ ದಿನ ಬಂದೇಬಿಟ್ಟಿತು. ವಿಮಾನದಲ್ಲಿ ಎದ್ದು ನಿಂತು ಓಡಾಡಬೇಡಿ ಎಂದು ಇವರಿಗೆ ಅಲ್ಲಿಯ ಹುಡುಗಿಯರು ಎಷ್ಟು ಸಲ ಹೇಳಿದರು ಎನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಇಳಿದ ಊರಿನಿಂದ ಅತ್ತಿಗೆಯ ಊರಿಗೆ ರೈಲು. ನಿಲ್ದಾಣದಲ್ಲಿ ಸಾಲಾಗಿ ಟಿಕೆಟ್ ಮಷೀನುಗಳು ನಿಂತಿದ್ದವು. ಜನ ಬೆರಳಿನಿಂದ ಒತ್ತಿ ಒತ್ತಿ ಹೋಗುತ್ತಿದ್ದರು. ನಾನು ಅತ್ತ ಹೆಜ್ಜೆ ಹಾಕಿದರೆ ಇವರು ತೋಳು ಹಿಡಿದು ನಿಲ್ಲಿಸಿದರು. "ಮನುಷ್ಯ ಕೊಡದ ಟಿಕೆಟ್ ನಂಬಬಾರದು." ಮೂಲೆಯಲ್ಲಿ ಒಂದು ಗಾಜಿನ ಕೌಂಟರು ಇತ್ತು, ಒಳಗೆ ಕನ್ನಡಕದ ಹುಡುಗಿ. ಹೋಗುವ ದಾರಿಯಲ್ಲಿ ನಾನು ಹೇಳಿದೆ:

"ನಾವು ಇಬ್ರೂ ಇದೇ ದಾರೀಲಿ ವಾಪಸ್ ಬರ್ಬೇಕಲ್ಲ, ಹೋಗಿ ಬರೋದನ್ನೇ ತಗೊಳ್ಳಿ."

"ಬೇಡ. ಬರೋವಾಗ ಅಕ್ಕ ಜೊತೇಲಿ ಇರ್ತಾಳೆ. ಮೂರು ಜನಕ್ಕೂ ಒಟ್ಟಿಗೆ ತಗೊಳ್ಳೋಣ." ಅಕ್ಕ ಬರದೇ ಹೋದರೆ ಎನ್ನುವುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಸಾಲಿನಲ್ಲಿ ನಮ್ಮ ಸರದಿ ಬಂತು. ಹುಡುಗಿ ತಲೆ ಎತ್ತಿ ಇನ್ನೇನು ಬಾಯಿ ತೆರೆಯಬೇಕು, ಇವರು ಗಾಜಿಗೆ ಮುಖ ತಂದು ಗಟ್ಟಿಯಾಗಿ, "ವಾರ್‌ಹೇನ್?" ಎಂದರು.

ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಅವಳ ಮಾತನ್ನು ಇವರೇ ಆಡಿಬಿಟ್ಟರೆ ಅವಳಾದರೂ ಏನು ಹೇಳಬೇಕು? ಅವಳು ಮೆಲ್ಲಗೆ ಏನೋ ಕೇಳಿದಳು. ಇವರು ಬಿಡಲಿಲ್ಲ. "ಎಂಕಲ ರೈಸ್ ಒಫ್ ರತೂರ್?" ಎಂದು ಎರಡನೆಯದನ್ನೂ ಒಗೆದರು. ಹಿಂದೆ ನಿಂತವನೊಬ್ಬ ಪಕ್ಕನೆ ನಕ್ಕ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಇವರನ್ನು ಪಕ್ಕಕ್ಕೆ ತಳ್ಳಿ, ಅತ್ತಿಗೆಯ ಊರಿನ ಹೆಸರು ಹೇಳಿ, ಎರಡು ಬೆರಳು ತೋರಿಸಿ, "ಎಂಕಲ ರೈಸ್, ಆಲ್‌ಸ್ಟುಬ್ಲೀಫ್ಟ್" ಎಂದೆ. ಟಿಕೆಟ್ ಬಂತು. ಹುಡುಗಿ ನಗುತ್ತಲೇ ಕೈಬೀಸಿದಳು. ಇವರು ಮುಖ ಹುಳ್ಳಗೆ ಮಾಡಿಕೊಂಡು, "ಅವಳಿಗೆ ಅರ್ಥ ಆಯ್ತು, ಉಚ್ಚಾರ ಸರಿ ಇತ್ತು" ಎಂದರು.

"ಉಚ್ಚಾರ ಸುಡ್ಲಿ. ಅಕ್ಕನ ಮುಂದೂ ಹಿಂಗೇ ನಿಲ್ತೀರಾ?"

ಇವರು ರೈಲಿನಲ್ಲಿ ಸೀಟೆಲ್ಲ ಖಾಲಿ ಇದ್ದರೂ ಕೂರದೆ ಬಾಗಿಲ ಕಂಬ ಹಿಡಿದು ನಿಂತೇ ಬಂದರು. ಟಿಕೆಟ್ ನೋಡಲು ಬಂದ ಹೆಂಗಸು ಟಿಕೆಟ್ಟಿಗೆ ಯಂತ್ರವೊಂದನ್ನು ತೋರಿಸಿ ಮುಂದೆ ಹೋದಳು. "ತೂತೂ ಹೊಡೀಲಿಲ್ಲ, ಗೀಟೂ ಎಳೀಲಿಲ್ಲ. ಇದೆಂಥ ಚೆಕಿಂಗು?" ಎಂದು ಇಡೀ ದಾರಿ ಗೊಣಗಿದರು. ಹೆದರಿದಾಗ ಹೀಗೇ ಗೊಣಗುವುದು ಅವರ ರೂಢಿ.

ಅತ್ತಿಗೆಯ ಮನೆ ಸೇತುವೆಯ ಪಕ್ಕದಲ್ಲೇ ಇತ್ತು, ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆರೆದವರು ಅವರೇ. ಎಡಗೈಯಲ್ಲಿ ಕೋಲು, ತಲೆ ಪೂರ್ತಿ ಬೆಳ್ಳಗೆ. ಒಂದು ಕ್ಷಣ ತಮ್ಮನನ್ನು ನೋಡಿದರು. ಕೋಲು ಬಿಟ್ಟುಬಿಟ್ಟರು. ಆ ಕೈಯಿಂದ ಇವರ ಕಿವಿ ಹಿಡಿದು ಎಳೆದು, ಹಣೆಗೆ ಹಣೆ ತಾಗಿಸಿ ಅತ್ತರು. ಗುರುತು ಒಂದಿಷ್ಟೂ ಅಳಿಸಿರಲಿಲ್ಲ. ಇವರು "ಅಕ್ಕಾ, ಅಕ್ಕಾ" ಎಂದು ತಮ್ಮ ಮಾತಿನಲ್ಲಿ ಸುರಿದರು, ಅವರು ತಮ್ಮಲ್ಲಿ ಉಳಿದ ಮಾತಿನಲ್ಲಿ ಏನೇನೋ ಹೇಳಿದರು. ಇಬ್ಬರೂ ಹೂಂ ಹೂಂ ಎಂದು ತಲೆಯಾಡಿಸಿದರು. ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ನಾನು ಕೋಲು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ, ಕಣ್ಣೊರೆಸಿಕೊಳ್ಳಲು ಸೆರಗು ಸಿಗಲಿಲ್ಲ, ಮೇಲೆ ದಪ್ಪ ಕೋಟು.

ಅಲ್ಲಿಂದ ಮುಂದಿನ ದಿನಗಳನ್ನು ಏನೆಂದು ಹೇಳಲಿ. ಸೈಕಲ್ ಅಂಗಡಿಯವಳು ಬೆಳಗ್ಗೆ ಸಂಜೆ ಬರುತ್ತಿದ್ದಳು. ಬಂದಾಗಲೆಲ್ಲ ಅತ್ತಿಗೆಯನ್ನು ಅವರಿಗೆ ತಿಳಿಯುವ ಮಾತಿನಲ್ಲೇ ಕೇಳುತ್ತಿದ್ದಳು: ತಮ್ಮನ ಜೊತೆ ಹೋಗುತ್ತೀರೋ, ಇಲ್ಲೇ ಇರುತ್ತೀರೋ? ಅತ್ತಿಗೆ ಕೇಳಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಒಮ್ಮೆ ಕಣ್ಣಲ್ಲಿ ನೀರು ಬಂತು. "ನೋಡು, ಹೋಗೋಕೆ ಆಸೆ. ಹೇಳೋಕೆ ಸಂಕೋಚ" ಎಂದರು ಇವರು. ನನಗೆ ಹಾಗನ್ನಿಸಲಿಲ್ಲ. ಹೀಗೂ ಅನ್ನಿಸಲಿಲ್ಲ. ತಲೆ ಚಿಟ್ಟು ಹಿಡಿದುಹೋಯಿತು.

ಇವರು ಮೊಬೈಲಿನಲ್ಲಿ ಸುಣ್ಣ ಹೊಡೆದ ಕೋಣೆಯ ಫೋಟೋ ತೋರಿಸಿದರು. ಅತ್ತಿಗೆ ಅದನ್ನು ಬಹಳ ಹೊತ್ತು ನೋಡಿ, ಮಂಚವನ್ನು ಬೆರಳಿನಿಂದ ಸವರಿ ನಕ್ಕರು. "ಒಪ್ಪಿಗೆ!" ಎಂದರು ಇವರು. ಮರುದಿನ ಅತ್ತಿಗೆ ನನ್ನ ಕೈಹಿಡಿದು ಇಡೀ ಮನೆ ಸುತ್ತಿಸಿದರು. ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕು, ಬೀಗದ ಕೈ ಯಾವ ಮೊಳೆಗೆ, ಯಾವ ಕುಂಡಕ್ಕೆ ಎಷ್ಟು ನೀರು, ಎಲ್ಲ ಎಡಗೈಯಲ್ಲಿ ಮಾಡಿ ತೋರಿಸಿದರು. ಕಿಟಕಿಯ ಪಕ್ಕ ಗಂಡನ ಕುರ್ಚಿ ಇತ್ತು. ಅಲ್ಲಿ ಕೂತರೆ ಸೇತುವೆ ಏಳುವುದು, ಇಳಿಯುವುದು ಕಾಣುತ್ತದೆ. ಹೊರಗೆ ಹೋಗುವವರೆಲ್ಲ ಕಿಟಕಿಗೆ ಕೈ ಎತ್ತಿಯೇ ಹೋಗುತ್ತಾರೆ, ಅತ್ತಿಗೆಯೂ ಎತ್ತುತ್ತಾರೆ. "ಎಲ್ಲಾ ತೋರಿಸಿ ಒಪ್ಪಿಸ್ತಿದಾಳೆ ಅಂದ್ರೆ ಬಿಟ್ಟು ಬರೋಕೆ ತಯಾರು ಅಂತ" ಎಂದರು ಇವರು. ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡವರು ಬಿಟ್ಟು ಬರುತ್ತಾರೆಯೇ ಎಂದು ನನಗೆ ಅನುಮಾನ. ಪೆಟ್ಟಿಗೆ ತೆಗೆದು ಅಕ್ಕನ ಬಟ್ಟೆಗಳನ್ನು ಇವರು ಜೋಡಿಸಿದರು. ಮಧ್ಯಾಹ್ನ ನೋಡಿದರೆ ಅರ್ಧ ಬಟ್ಟೆ ಮತ್ತೆ ಬೀರುವಿನಲ್ಲಿತ್ತು. ಬೇಡದ್ದನ್ನು ಆರಿಸಿ ತೆಗೆದಿಟ್ಟಿದ್ದಾಳೆ ಎಂದರು. ಮತ್ತೆ ತುಂಬಿದರು, ಮತ್ತೆ ಅರ್ಧ ಖಾಲಿ. ಪೂರ್ತಿ ಖಾಲಿ ಮಾಡಿದ್ದರೆ ನನಗೂ ತಿಳಿಯುತ್ತಿತ್ತು. ಈ ಅರ್ಧದ ಅರ್ಥವೇನು?

ಒಳಗೊಳಗೇ ನನಗೆ ಇನ್ನೊಂದು ಸಂಕಟ. ಅತ್ತಿಗೆ ಬರದಿದ್ದರೆ ನನ್ನ ಕೋಣೆ ನನಗೆ ಸಿಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಹಾಗೆ ಹೇಳಿದ ಮನಸ್ಸಿಗೆ ನಾನೇ ಛೀ ಎನ್ನುತ್ತಿದ್ದೆ. ಆದ್ದರಿಂದ ಅತ್ತಿಗೆಯ ಮುಖ ನೋಡಿ ನಾನು ಓದಿಕೊಂಡದ್ದು ನಿಜವೋ, ನನ್ನ ಆಸೆಯೋ ಎನ್ನುವುದೂ ತಿಳಿಯದೆ ಹೋಯಿತು. ಇವರಿಗೆ ಹೇಳೋಣವೆಂದರೆ, ಹೊಲಿಗೆ ಕೋಣೆಗಾಗಿ ಹೇಳುತ್ತಿದ್ದಾಳೆ ಎನ್ನುವುದು ಗ್ಯಾರಂಟಿ.

ಅಂತೂ ಗಳಿಗೆ ಹತ್ತಿರ ಬಂತು. ಅದು ಬಾಡಿಗೆ ಮನೆ. ಖಾಲಿ ಮಾಡುವುದಿದ್ದರೆ ಮಾಲೀಕರಿಗೆ ನಾಳೆಯೇ ತಿಳಿಸಬೇಕು, ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಮಾತಿಲ್ಲ ಎಂದಳು ಸೈಕಲ್ ಅಂಗಡಿಯವಳು. ಮಧ್ಯಾಹ್ನದ ಊಟ ಮುಗಿದಿತ್ತು, ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದೆವು. ಅವಳು ಕೊನೆಯ ಸಲ ಎಂಬಂತೆ ಅತ್ತಿಗೆಯ ಕೈ ಮೇಲೆ ಕೈಯಿಟ್ಟು ಮತ್ತೆ ಅದನ್ನೇ ಕೇಳಿದಳು: ಹೋಗುವುದೋ, ಇರುವುದೋ? ಅತ್ತಿಗೆ ಮತ್ತೆ ಕಿಟಕಿಯ ಕಡೆ ತಿರುಗಿದರು.

"ಅಕ್ಕಾ, ನನ್ ಕಡೆ ನೋಡೇ. ಬರ್ತೀಯಾ? ನಮ್ಮನೆಗೆ ಬರ್ತೀಯಾ?" ಎಂದು ಇವರು ಅಂಗಲಾಚಿದರು. ಅತ್ತಿಗೆ ಇವರ ಕೆನ್ನೆ ತಟ್ಟಿದರು, ಅಷ್ಟೆ. ಅಳುವ ಮಗುವಿಗೆ ತಟ್ಟಿದ ಹಾಗಿತ್ತು.

ಇವರು ದಢಕ್ಕನೆ ಎದ್ದರು. ಸಿಟ್ಟು ಬಂತೇನೋ ಎಂದು ನಾನು ಹೆದರಿದೆ. ಬಾಗಿಲವರೆಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಏನು ಮಾಡಬೇಕೆಂದು ತೋಚದಿದ್ದರೆ ಮನುಷ್ಯ ತನ್ನ ಕಸುಬಿಗೆ ಬೀಳುತ್ತಾನೆ. ನಾನಾಗಿದ್ದರೆ ಯಾವುದಾದರೂ ಬಟ್ಟೆಯ ಅಂಚು ಮಡಿಸುತ್ತಿದ್ದೆ. ಇವರು ತಿರುಗಿದಾಗ ಎಡಗೈ ಇಲ್ಲದ ಚೀಲದ ಮೇಲಿತ್ತು, ಬಲಗೈ ಇಲ್ಲದ ಕಂಬ ಹಿಡಿದಿತ್ತು. ಓಲಾಡುತ್ತ ಬಂದು ಮೊದಲು ನನ್ನ ಮುಂದೆ ನಿಂತು, "ವಾರ್‌ಹೇನ್?" ಎಂದರು.

ರೂಢಿಯಾಗಿತ್ತಲ್ಲ, ನಾನು ತಟ್ಟನೆ ನಮ್ಮೂರಿನ ಹೆಸರು ಹೇಳಿದೆ. ಅತ್ತಿಗೆ ಕಿಟಕಿ ಬಿಟ್ಟು ಇತ್ತ ತಿರುಗಿದರು. ಇವರು ಸೈಕಲ್ ಅಂಗಡಿಯವಳ ಕಡೆ ವಾಲಿದರು. "ವಾರ್‌ಹೇನ್?" ಅವಳು ನಕ್ಕು ಯಾವುದೋ ಊರು ಹೇಳಿದಳು. ಅತ್ತಿಗೆಯೂ ನಕ್ಕರು, ಹೆಗಲು ಕುಲುಕಿಸಿ ನಕ್ಕರು. ತಮ್ಮನನ್ನು ಕಂಡಕ್ಟರ್ ಮಾಡಿದವರು, ಆದರೆ ತಮ್ಮನ ಬಸ್ಸಿನಲ್ಲಿ ಒಮ್ಮೆಯಾದರೂ ಕೂತವರಲ್ಲ. ಇವರು ಈಗ ಅವರ ಮುಂದೆ ಬಂದು ಬಗ್ಗಿದರು.

"ವಾರ್‌ಹೇನ್?"

ಅತ್ತಿಗೆ ನೆಟ್ಟಗೆ ಕೂತರು. ತುಟಿ ಒಂದೆರಡು ಸಲ ಅಲ್ಲಾಡಿತು. ಆಮೇಲೆ ನಮ್ಮೂರಿನ ಹೆಸರು ಹೇಳಿದರು. ತೊದಲಲಿಲ್ಲ. ನಾವು ಬಂದಾಗಿನಿಂದ ಅವರ ಬಾಯಲ್ಲಿ ನಮಗೆ ತಿಳಿದ ಮೊದಲ ಮಾತು ಅದು.

ಇವರ ಮುಖ ನೋಡಬೇಕಿತ್ತು! ನೋಡಿದ್ಯಾ ಎಂಬಂತೆ ನನ್ನ ಕಡೆ ತಿರುಗಿದರು, ಕಣ್ಣು ತುಂಬಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ ಅಕ್ಕನನ್ನು ತಬ್ಬಿಕೊಳ್ಳುತ್ತಿದ್ದರು. ಎರಡನೆಯ ಪ್ರಶ್ನೆ ಕೇಳದೆ ಟಿಕೆಟ್ ಹರಿಯುವುದು ಈ ಮನುಷ್ಯನಿಗೆ ಗೊತ್ತಿರಲಿಲ್ಲ.

"ಎಂಕಲ ರೈಸ್ ಒಫ್ ರತೂರ್?"

"ರತೂರ್" ಎಂದರು ಅತ್ತಿಗೆ.

ಒಂದು ಚೂರೂ ತಡೆಯಲಿಲ್ಲ. ಇವರು ಬಗ್ಗಿದವರು ಬಗ್ಗಿಯೇ ಇದ್ದರು. ಕಂಡಕ್ಟರಿಗೆ ಕೇಳಿಸಲಿಲ್ಲವೆಂದು ಅತ್ತಿಗೆ ಇನ್ನಷ್ಟು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು: "ರತೂರ್, ಆಲ್‌ಸ್ಟುಬ್ಲೀಫ್ಟ್."

ಸೈಕಲ್ ಅಂಗಡಿಯವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ ನನಗೆ ಹೇಳಿದಳು, ನಾನು ಹೋಗುವುದೋ ಇರುವುದೋ ಎಂದೇ ಕೇಳುತ್ತ ಬಂದೆ, ಇದನ್ನು ಕೇಳಲೇ ಇಲ್ಲ ಎಂದು. ನಾವೂ ಕೇಳಿರಲಿಲ್ಲ.

"ಕೇಳಿದ್ಯೇನೇ? ಬರ್ತಾಳಂತೆ" ಎಂದರು ಇವರು, ಅಕ್ಕನ ಮುಖದಿಂದ ಕಣ್ಣು ತೆಗೆಯದೆ.

"ಹೂಂ."

"ವಾಪಸ್ಸೂ ಹೋಗ್ತಾಳಂತೆ."

"ಹೂಂ ರೀ."

"ಮನೆ ಬಿಡೋದಿಲ್ಲ ಅಂತ."

ಅತ್ತಿಗೆ ಮಾತ್ರ ಎಡಗೈ ಚಾಚಿಕೊಂಡು ಕಾಯುತ್ತಿದ್ದರು. ಊರು ಹೇಳಿಯಾಯಿತು, ಹೇಗೆ ಎಂದು ಹೇಳಿಯಾಯಿತು, ಇನ್ನು ಟಿಕೆಟ್ ಬರಬೇಕಲ್ಲ.

"ಕೊಡ್ರೀ, ಎಷ್ಟೊತ್ತು ಕಾಯಿಸ್ತೀರಿ?" ಎಂದು ನಾನು ಗದರಿದೆ. ಗದರದಿದ್ದರೆ ನಾನೇ ಅತ್ತುಬಿಡುತ್ತಿದ್ದೆ. ಇವರು ಮೇಜಿನ ಮೇಲಿದ್ದ ಕಾಗದದ ಕೈವಸ್ತ್ರದ ಮೂಲೆ ಹರಿದು, ಉಗುರಿನಿಂದ ಅದಕ್ಕೊಂದು ತೂತು ಮಾಡಿ, ಅಕ್ಕನ ಅಂಗೈಯಲ್ಲಿಟ್ಟರು. ಅತ್ತಿಗೆ ಅದನ್ನು ತಿರುಗಿಸಿ ನೋಡಿ, ಮಡಿಸಿ, ರವಿಕೆಯೊಳಗೆ ಭದ್ರವಾಗಿ ಇಟ್ಟುಕೊಂಡರು. "ಡಾಂಕ್ ಯು ವೆಲ್" ಎಂದರು. ಎಂದರೆ, ಬಹಳ ಉಪಕಾರ.

ಇದರ ಮುಂದೆ ಕಂಡಕ್ಟರ್ ಆಡಬೇಕಾದ ಮಾತೊಂದು ಪಾಠದಲ್ಲಿದೆ. ಮನೆಯಲ್ಲಿ ಇವರು ದಿನವೂ ಆಡಿದ ಮಾತೇ. ಈಗ ಬಾಯಿ ತೆರೆದರು, ದನಿ ಹೊರಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಅತ್ತಿಗೆ ಇನ್ನೂ ಕಾಯುತ್ತಲೇ ಇದ್ದರು, ಮುಖವೆತ್ತಿ, ಈ ಕಂಡಕ್ಟರಿಗೆ ಏನಾಯಿತು ಎಂಬಂತೆ.

ಅದಕ್ಕೇ ನಾನು ಎದ್ದು ಹೋಗಿ, ಅವರ ಪಕ್ಕ ಬಗ್ಗಿ, "ಖೂದ ರೈಸ್, ಅತ್ತಿಗೆ" ಎಂದೆ. ಸುಖವಾಗಿ ಹೋಗಿ ಬನ್ನಿ.